ಬಾಗಿದ ತಂತಿಯ ಲೆಕ್ಕ

ಒಂದು ಗ್ರಾಂ ಚಿನ್ನವನ್ನು 25 ಮೈಕ್ರಾನ್ ದಪ್ಪದ ತಂತಿಯಾಗಿ ಎಳೆದರೆ ಸುಮಾರು 105 ಮೀಟರ್ ಉದ್ದ ಬರುತ್ತದೆ. ಅಕ್ಕಸಾಲಿಗರು ಅಚ್ಚಿನ ತೂತುಗಳನ್ನು ಒಂದೊಂದಾಗಿ ಕಿರಿದು ಮಾಡುತ್ತ ಕಂಬಿ ಎಳೆಯುತ್ತಾರಲ್ಲ, ಇದೂ ಅದೇ ಹಳೆಯ ಕೆಲಸ. ಇಲ್ಲಿ ತೂತು ವಜ್ರದ್ದು, ಕೊನೆಗೆ ಹೊರಬರುವ ತಂತಿ ತಲೆಗೂದಲಿನ ಮೂರನೇ ಒಂದು ಪಾಲಿನಷ್ಟು. ಈ ತಂತಿಯ ಒಂದು ಮಿಲಿಮೀಟರ್ ತುಣುಕು ಚಿಪ್‌ನ ಪ್ಯಾಡಿನಿಂದ ಎದ್ದು, ಬಾಗಿ, ಪಕ್ಕದ ಬೋರ್ಡಿನ ಮೇಲೆ ಇಳಿದರೆ ಅದಕ್ಕೆ ವೈರ್ ಬಾಂಡ್ ಎನ್ನುತ್ತಾರೆ. ಆ ತುಣುಕನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆಯಬೇಕು ಎಂಬುದರ ಬಗ್ಗೆ ನನ್ನದೊಂದು ತಕರಾರಿದೆ.

ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯುತ್ಕಾಂತ ಕ್ಷೇತ್ರದ ಸಿಮ್ಯುಲೇಶನ್ ಮಾಡುವ ನಾವು ತಂತಿಯ ಬಾಗನ್ನು ನುಣುಪು ಮಾಡುವುದರಲ್ಲಿ ದಿನಗಟ್ಟಲೆ ಕಳೆಯುತ್ತೇವೆ. ಆದರೆ ತಂತಿ ಎಷ್ಟು ಎತ್ತರಕ್ಕೆ ಏರುತ್ತದೆ, ಅದರ ಕೆಳಗೆ ಗ್ರೌಂಡ್ ಎಲ್ಲಿದೆ, ಪಕ್ಕದ ತಂತಿ ಎಷ್ಟು ದೂರದಲ್ಲಿದೆ ಎಂಬ ಮೂರು ಸಂಗತಿಗಳನ್ನು ಅಂದಾಜಿಗೆ ಬಿಟ್ಟಿರುತ್ತೇವೆ. ಉತ್ತರ ನಿಂತಿರುವುದು ಈ ಮೂರರ ಮೇಲೆ. ನುಣುಪು ಕಣ್ಣಿಗೆ ಹಿತ, ಮೀಟಿಂಗಿನಲ್ಲಿ ತೋರಿಸಲು ಚಂದ.

ಒಂದು ಮಿಲಿಮೀಟರ್ ತಂತಿಗೆ ಇಷ್ಟೆಲ್ಲ ರಾಮಾಯಣ ಯಾಕೆ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ಎಡ್ವರ್ಡ್ ರೋಸಾ ನೇರ ತಂತಿಗಳ ಇಂಡಕ್ಟನ್ಸ್ ಲೆಕ್ಕ ಹಾಕುವ ಸೂತ್ರಗಳನ್ನು 1908ರಲ್ಲೇ ಪ್ರಕಟಿಸಿದ್ದರು. ತಂತಿಯ ಉದ್ದವನ್ನು ನಾಲ್ಕರಿಂದ ಗುಣಿಸಿ ವ್ಯಾಸದಿಂದ ಭಾಗಿಸಿ, ಬಂದದ್ದರ ಸಹಜ ಲಾಗರಿದಮ್ ತೆಗೆದು, ಒಂದನ್ನು ಕಳೆದು, 0.2ರಿಂದ ಗುಣಿಸಿದರೆ ಹೆಚ್ಚಿನ ಆವರ್ತನದಲ್ಲಿ ಪ್ರತಿ ಮಿಲಿಮೀಟರಿಗೆ ಎಷ್ಟು ನ್ಯಾನೋಹೆನ್ರಿ ಎಂದು ಸಿಗುತ್ತದೆ. ನಮ್ಮ ತುಣುಕಿಗೆ ಅದು 0.8 ನ್ಯಾನೋಹೆನ್ರಿ. 1 ಗಿಗಾಹರ್ಟ್ಸ್‌ನಲ್ಲಿ ಇದು ಒಡ್ಡುವ ತಡೆ 5 ಓಮ್ ಮಾತ್ರ. 50 ಓಮ್ ಸಾಲಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ. 10 ಗಿಗಾಹರ್ಟ್ಸ್‌ಗೆ ಹೋಗಿ: ತಡೆ 50 ಓಮ್ ಆಗುತ್ತದೆ, ಅಂದರೆ ಸಾಲಿನಷ್ಟೇ. ಕಳಿಸಿದ ಶಕ್ತಿಯಲ್ಲಿ ಐದನೇ ಒಂದು ಪಾಲು ಬಂದ ದಾರಿಗೆ ಸುಂಕವಿಲ್ಲದೆ ವಾಪಸ್. ಕಾರಿನ ರಾಡಾರ್ ಕೆಲಸ ಮಾಡುವ 77 ಗಿಗಾಹರ್ಟ್ಸ್‌ನಲ್ಲಿ ಇದೇ ಲೆಕ್ಕ 390 ಓಮ್‌ಗಳ ಹತ್ತಿರ ಮುಟ್ಟುತ್ತದೆ. ಅಲ್ಲಿ ತಂತಿಯನ್ನು ಬರಿಯ ಇಂಡಕ್ಟರ್ ಎಂದು ಕರೆಯುವುದೇ ತಪ್ಪು.

ಹಾಗಾಗಿ ಮಾದರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಎಂಥ ಮಾದರಿ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮೊದಲು ತಂತಿ ಬಾಗುವುದು ಯಾಕೆ ಎಂದು ನೋಡಬೇಕು. ಸಿಮ್ಯುಲೇಶನ್ ಮಾಡುವವರಲ್ಲಿ ಬಾಂಡಿಂಗ್ ಯಂತ್ರವನ್ನು ಕಣ್ಣಾರೆ ಕಂಡವರು ಕಡಿಮೆ.

ಬಿಸಿ ಮತ್ತು ಒತ್ತಡದಿಂದ ಚಿನ್ನದ ತಂತಿಯನ್ನು ಅರೆವಾಹಕದ ಮೇಲೆ ಅಂಟಿಸುವ ವಿಧಾನವನ್ನು ಬೆಲ್ ಲ್ಯಾಬ್ಸ್‌ನವರು 1957ರಲ್ಲಿ ಪ್ರಕಟಿಸಿದರು. ಆಮೇಲೆ ಅದಕ್ಕೆ ಅಲ್ಟ್ರಾಸೌಂಡಿನ ಕಂಪನವೂ ಸೇರಿತು. ಇಂದಿನ ಯಂತ್ರದಲ್ಲಿ ತಂತಿ ಒಂದು ಸಣ್ಣ ಸೆರಾಮಿಕ್ ಕೊಳವೆಯ ತುದಿಯಿಂದ ಇಣುಕುತ್ತದೆ. ಒಂದು ಕಿಡಿ ಹಾರಿದರೆ ತುದಿ ಕರಗಿ ಪುಟ್ಟ ಗುಂಡು. ಕೊಳವೆ ಕೆಳಗಿಳಿದು ಆ ಗುಂಡನ್ನು ಪ್ಯಾಡಿಗೆ ಒತ್ತುತ್ತದೆ, ಕಂಪಿಸುತ್ತದೆ, ಗುಂಡು ಅಂಟಿಕೊಳ್ಳುತ್ತದೆ. ಆಮೇಲೆ ಕೊಳವೆ ನೆಟ್ಟಗೆ ಮೇಲೇಳುತ್ತದೆ. ಹೋಗಬೇಕಾದ ದಿಕ್ಕಿಗೆ ಬೆನ್ನು ಮಾಡಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಮತ್ತೆ ಮೇಲೇರಿ, ಆಮೇಲೆ ಮುಂದಕ್ಕೆ ಕಮಾನಿನಂತೆ ಸಾಗಿ, ಬೋರ್ಡಿನ ಮೇಲೆ ತಂತಿಯನ್ನು ಚಪ್ಪಟೆಯಾಗಿ ಒತ್ತಿ ಕಡಿಯುತ್ತದೆ. ಆ ಹಿಂದೆ ಸರಿಯುವ ಚಲನೆಯೇ ತಂತಿಗೆ ಒಂದು ಮಡಿಕೆ ಕೊಡುವುದು. ಮಡಿಕೆ ಇಲ್ಲದಿದ್ದರೆ ತಂತಿ ಸೊಟ್ಟಗೆ ಬಿದ್ದು ಚಿಪ್‌ನ ಅಂಚಿಗೆ ತಾಗುತ್ತದೆ.

ಹೀಗೆ ಹುಟ್ಟಿದ ಆಕಾರ ಕಾಮನಬಿಲ್ಲಿನಂತಿರುವುದಿಲ್ಲ. ಚಿಪ್‌ನ ಕಡೆ ಕಂಬದಂತೆ ಎದ್ದು ನಿಂತು, ಕತ್ತಿನ ಬಳಿ ಥಟ್ಟನೆ ಮಡಿದು, ಬೋರ್ಡಿನ ಕಡೆ ಉದ್ದವಾಗಿ ಇಳಿಜಾರಾಗುತ್ತದೆ. ಬಾವಿಯ ಏತದ ಹಾಗೆ: ಒಂದು ಕಡೆ ಗೂಟ, ಇನ್ನೊಂದು ಕಡೆ ವಾಲಿದ ಮರ. ಗುಂಡಿನ ಬದಲು ಬೆಣೆಯಿಂದ ಒತ್ತುವ ವೆಜ್ ಬಾಂಡಿಂಗ್ ಇದೆ. ಅದರಲ್ಲಿ ತಂತಿ ಪ್ಯಾಡಿನಿಂದಲೇ ಓರೆಯಾಗಿ ಹೊರಡುವುದರಿಂದ ಕಮಾನು ತಗ್ಗಾಗಿ, ಚಿಕ್ಕದಾಗಿ ಇರುತ್ತದೆ. ಮೈಕ್ರೋವೇವ್ ಮಂದಿ ವೆಜ್ ಬಾಂಡನ್ನು ಇಷ್ಟಪಡುವುದು ಅದಕ್ಕೇ. ಪರದೆಯ ಮೇಲೆ ಎರಡೂ ಕಡೆ ಸಮನಾದ ನುಣುಪು ಕಮಾನು ಎಳೆದವನು ಈ ಎರಡರಲ್ಲಿ ಯಾವುದನ್ನೂ ಬರೆದಿರುವುದಿಲ್ಲ. ಇಲ್ಲದ ತಂತಿಯನ್ನು ಬಹಳ ನಿಖರವಾಗಿ ಬರೆದಿರುತ್ತಾನೆ.

ಇರಲಿ, ವಾದಕ್ಕಾಗಿ ಕಮಾನೇ ಎಂದುಕೊಳ್ಳೋಣ. ಎರಡು ಪ್ಯಾಡುಗಳ ನಡುವೆ 1 ಮಿಲಿಮೀಟರ್, ಕಮಾನಿನ ಎತ್ತರ 0.25 ಮಿಲಿಮೀಟರ್, ವೃತ್ತದ ಒಂದು ಚೂರು. ಈ ಬಾಗಿದ ಗೆರೆಯ ನಿಜವಾದ ಉದ್ದ 1.159 ಮಿಲಿಮೀಟರ್. ಬಾಗನ್ನು ಬಿಟ್ಟು ಎರಡೇ ನೇರ ತುಂಡುಗಳಲ್ಲಿ, ಮನೆಯ ಸೂರಿನ ಹಾಗೆ ಬರೆದರೆ 1.118, ನೂರಕ್ಕೆ ಮೂರೂವರೆ ಕಡಿಮೆ. ನಾಲ್ಕು ತುಂಡು ಮಾಡಿದರೆ 1.149, ಕೊರತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಎಂಟು ತುಂಡಿಗೆ 1.1565. ಅಲ್ಲಿಂದ ಮುಂದೆ ಹೋಗುವುದು ತರಕಾರಿ ಅಂಗಡಿಯಲ್ಲಿ ಈರುಳ್ಳಿಯನ್ನು ಚಿನ್ನದ ತಕ್ಕಡಿಗೆ ಹಾಕಿದ ಹಾಗೆ. ನಾಲ್ಕೈದು ನೇರ ತುಂಡುಗಳು ಬಾಗಿನ ಕೆಲಸವನ್ನು ಮುಗಿಸಿಬಿಡುತ್ತವೆ.

ತಂತಿಯ ದುಂಡಗಿನ ಅಡ್ಡಕೊಯ್ತದ ಕಥೆಯೂ ಇದೇ. ಅದರ ಬದಲು ಆರು ಮೂಲೆಯ ಪಟ್ಟಕ ಬರೆದರೆ ಎಷ್ಟು ಕೆಡುತ್ತದೆ? ದಪ್ಪ ಲೆಕ್ಕದೊಳಗೆ ಬರುವುದು ಲಾಗರಿದಮ್ ಮೂಲಕ, ಆದ್ದರಿಂದ ಇಂಡಕ್ಟನ್ಸ್‌ನಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಎರಡರ ಆಸುಪಾಸು. ಪಟ್ಟಕವನ್ನು ಕೊಂಚ ದಪ್ಪ ಮಾಡಿದರೆ ಅದೂ ಇಲ್ಲ. ಇಪ್ಪತ್ನಾಲ್ಕು ಮುಖದ ಕೊಳವೆ ಬರೆದವರಿಗೆ ಸಿಗುವುದು ಇಷ್ಟು ಮಾತ್ರ. ಅದಕ್ಕೆ ತೆರುವ ಬೆಲೆ ಕಿರಿದಾದ ಮುಖ ಒಂದೊಂದರ ಸುತ್ತಲೂ ಹುಟ್ಟುವ ಸಾವಿರಾರು ಮೆಶ್ ಕೋಶಗಳು, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಒಡೆದ ಚೂರುಗಳು. ಇನ್ನೂರು ತಂತಿಗಳ ಪ್ಯಾಕೇಜಿನಲ್ಲಿ ಕಂಪ್ಯೂಟರು ಇಡೀ ರಾತ್ರಿ ಒದ್ದಾಡುವುದು ಈ ಅಲಂಕಾರಕ್ಕೆ. ತಂತಿಯ ಒಳಗಡೆಯನ್ನೂ ಮೆಶ್ ಮಾಡುವವರನ್ನು ಕಂಡಿದ್ದೇನೆ. 10 ಗಿಗಾಹರ್ಟ್ಸ್‌ನಲ್ಲಿ ಚಿನ್ನದೊಳಕ್ಕೆ ಪ್ರವಾಹ ಇಳಿಯುವ ಆಳ 0.8 ಮೈಕ್ರಾನ್. ಉಳಿದ ಚಿನ್ನ ಅಲ್ಲಿ ಸುಮ್ಮನೆ ಕೂತಿರುತ್ತದೆ.

ಈಗ ಎತ್ತರವನ್ನು ಬದಲಿಸಿ ನೋಡಿ. ಚಿಪ್‌ನ ದಪ್ಪ 0.1 ಮಿಲಿಮೀಟರ್, ಅದರ ಅಡಿಯಲ್ಲಿ ಗ್ರೌಂಡ್, ಪ್ಯಾಡುಗಳ ನಡುವೆ ಅದೇ 1 ಮಿಲಿಮೀಟರ್. ಕಮಾನು 0.15 ಮಿಲಿಮೀಟರ್ ಎತ್ತರವಿದ್ದರೆ ಇಂಡಕ್ಟನ್ಸ್ ಅಂದಾಜು 0.70 ನ್ಯಾನೋಹೆನ್ರಿ. 0.30 ಇದ್ದರೆ 0.86. ತಂತಿ ಉದ್ದವಾದದ್ದು ಅದಕ್ಕೆ ಒಂದು ಕಾರಣ. ತಂತಿ ಗ್ರೌಂಡಿನಿಂದ ದೂರ ಸರಿದದ್ದು ಇನ್ನೊಂದು. ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿದ ಏರಿಕೆ ಇದು. ಕೂದಲೆಳೆಯೊಂದೆರಡರಷ್ಟು ಎತ್ತರದ ವ್ಯತ್ಯಾಸ, ಆರು ಮೂಲೆಗೂ ದುಂಡಿಗೂ ಇರುವ ಅಂತರಕ್ಕಿಂತ ಹತ್ತು ಪಟ್ಟು ಭಾರ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ 10 ಗಿಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುವ ಒಂದು ಆಂಪ್ಲಿಫಯರ್ ಚಿಪ್ ಮತ್ತು ಅಲ್ಯೂಮಿನಾ ಬೋರ್ಡಿನ ನಡುವಿನ ತಂತಿಗಳ ಮಾದರಿ ಮಾಡಿದ್ದೆ. ಬಾಗನ್ನು ನುಣುಪಾದ ಗೆರೆಯಲ್ಲಿ ಎಳೆದಿದ್ದೆ, ಹನ್ನೆರಡು ಮುಖದ ಕೊಳವೆ ಹೊದಿಸಿದ್ದೆ. ಅಳತೆಗೂ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸಾಫ್ಟ್‌ವೇರಿನ ಮೇಲೆ ಗುಮಾನಿ ಬಂತು. ಮೆಶ್ ಬಿಗಿ ಮಾಡಿದೆ, ಮತ್ತೆ ಬಿಗಿ ಮಾಡಿದೆ. ಉತ್ತರ ಒಂದಿಂಚೂ ಕದಲಲಿಲ್ಲ. ಅಷ್ಟು ಹೊತ್ತಿಗೇ ನನಗೆ ಅರ್ಥವಾಗಬೇಕಿತ್ತು: ಮೆಶ್ ಬಿಗಿ ಮಾಡಿದರೂ ಉತ್ತರ ಕದಲದಿದ್ದರೆ ಸಾಫ್ಟ್‌ವೇರ್ ತನ್ನ ಕೆಲಸ ಮುಗಿಸಿದೆ, ತಪ್ಪಿದ್ದರೆ ನಾನು ಕೇಳಿದ ಪ್ರಶ್ನೆಯಲ್ಲಿದೆ.

ಕೊನೆಗೆ ಅಳತೆ ಮಾಡಿದ್ದ ಚಿಪ್ಪನ್ನು ಬೋರ್ಡಿನ ಸಮೇತ ಎತ್ತಿಕೊಂಡು ಬಾಂಡಿಂಗ್ ಕೋಣೆಗೆ ಹೋದೆ. ಮೈಕ್ರೋಸ್ಕೋಪಿನ ಕೆಳಗೆ ಅದನ್ನು ಮೇಲಿಂದ ನೋಡುವುದೇ ಎಲ್ಲರ ಅಭ್ಯಾಸ. ಮೇಲಿಂದ ನೋಡಿದರೆ ಎಲ್ಲ ತಂತಿಯೂ ನೇರ ಗೆರೆಯೇ. ಅಲ್ಲಿ ಯಂತ್ರದ ಮುಂದೆ ಹದಿನೈದು ವರ್ಷ ಕೂತಿದ್ದ ಮೇಡಂ ಒಬ್ಬರು ಅದನ್ನು ಚಿಮುಟದಲ್ಲಿ ಹಿಡಿದು ಅಡ್ಡಲಾಗಿ ನಿಲ್ಲಿಸಿ ತೋರಿಸಿದರು. ತಂತಿ ನಾನು ಬರೆದದ್ದರ ಎರಡರಷ್ಟು ಎತ್ತರ. ಯಾಕೆ ಹೀಗೆ ಎತ್ತಿದಿರಿ ಎಂದು ಕೇಳಿದೆ. "ನೀವು ಬೋರ್ಡನ್ನ ಅಷ್ಟು ಕೆಳಗಿಟ್ಟಿದ್ದೀರಲ್ಲ ಸಾರ್, ತಂತಿ ಚಿಪ್ ಅಂಚಿಗೆ ತಾಗಬಾರದು ಅಂದ್ರೆ ಎತ್ತಲೇಬೇಕು. ಎರಡೂ ಒಂದೇ ಮಟ್ಟದಲ್ಲಿ ಇಟ್ಟು ಹತ್ತಿರ ತಂದ್ರೆ ಎಷ್ಟು ಬೇಕಾದ್ರೂ ತಗ್ಗಿಸಿ ಕೊಡ್ತೀನಿ" ಎಂದರು. ಮೂರು ವಾರ ಮೆಶ್ ಬಿಗಿ ಮಾಡಿ ನಾನು ಕಂಡುಕೊಳ್ಳದ ವಿನ್ಯಾಸದ ತಿದ್ದುಪಡಿ ಅವರ ಎರಡು ವಾಕ್ಯಗಳಲ್ಲಿತ್ತು.

ಅದೇ ಪಕ್ಕದ ನೋಟದಲ್ಲಿ ಇನ್ನೊಂದೂ ಕಂಡಿತು. ಚಿಪ್ ಕೂತ ಲೋಹದ ಹಲಗೆಗೂ ಬೋರ್ಡಿಗೂ ನಡುವೆ ಒಂದು ಸೀಳು. ನನ್ನ ಚಿತ್ರದಲ್ಲಿ ಗ್ರೌಂಡ್ ಎಂಬುದು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹಾಸಿದ ಚಾಪೆ; ನಿಜದಲ್ಲಿ ಅದು ತಂತಿಯ ಕೆಳಗೇ ಹರಿದಿತ್ತು. ಪ್ರವಾಹ ಹೋಗುವುದು ತಂತಿಯಲ್ಲಿ, ಬರುವುದು ಗ್ರೌಂಡಿನಲ್ಲಿ. ಹೋಗುವ ದಾರಿಗೆ ಹನ್ನೆರಡು ಮುಖ ಕೊಟ್ಟು, ಬರುವ ದಾರಿಯನ್ನು ನಾನು ನೋಡಿಯೇ ಇರಲಿಲ್ಲ. ಸೀಳನ್ನು ಸುತ್ತಿ ಬರಬೇಕಾದ ಪ್ರವಾಹ ತಂತಿಯ ಬಾಗು ತರುವುದಕ್ಕಿಂತ ಹೆಚ್ಚಿನ ಇಂಡಕ್ಟನ್ಸ್ ತಂದೊಡ್ಡಬಲ್ಲದು.

ಇಂಡಕ್ಟನ್ಸ್ ಎನ್ನುವುದು ತಂತಿಯ ಸ್ವಂತ ಆಸ್ತಿ ಎಂಬ ಭ್ರಮೆ ನಮ್ಮ ಪಠ್ಯಪುಸ್ತಕಗಳಿಂದಲೇ ಬರುತ್ತದೆ. ಅದು ಇಡೀ ಸುತ್ತಿನದು. ಒಂದು ತುಂಡು ತಂತಿಗೆ ಇಷ್ಟು ಎಂದು ಹೇಳಬೇಕಾದರೆ, ಮಿಕ್ಕ ತುಂಡುಗಳ ಜೊತೆ ಅದರ ಪರಸ್ಪರ ಲೆಕ್ಕವನ್ನೂ ಇಟ್ಟುಕೊಂಡಿರಬೇಕು. ಐಬಿಎಂನ ಆಲ್ಬರ್ಟ್ ರೂಹ್ಲಿ 1972ರಲ್ಲಿ ಇದನ್ನು ಕ್ರಮವಾಗಿ ಕಟ್ಟಿಕೊಟ್ಟರು. ಸುತ್ತನ್ನು ತುಂಡು ತುಂಡಾಗಿಸಿ, ಪ್ರತಿ ತುಂಡಿಗೆ ಪಾಲಿನ ಇಂಡಕ್ಟನ್ಸ್ ಕೊಟ್ಟು, ಕೊನೆಗೆ ಕೂಡಿಸುವುದು. ರೋಸಾರ ಸೂತ್ರ ಕೊಡುವುದೂ ಇಂಥ ಪಾಲನ್ನೇ. ಪಾಲನ್ನು ಪೂರ್ತಿ ಎಂದುಕೊಂಡರೆ ಲೆಕ್ಕ ಕೆಡುತ್ತದೆ. ಬಾಂಡ್ ತಂತಿಯ ಮಾದರಿಯಲ್ಲಿ ಪೋರ್ಟನ್ನು, ಅಂದರೆ ಸಂಕೇತ ಒಳಹೋಗುವ ಜಾಗವನ್ನು, ಎಲ್ಲಿ ಇಟ್ಟಿರಿ, ಅದರ ಇನ್ನೊಂದು ಕಾಲು ಯಾವ ಗ್ರೌಂಡಿಗೆ ಊರಿದೆ ಎಂಬುದು ಅದಕ್ಕೇ ಬಾಗಿಗಿಂತ ದೊಡ್ಡ ವಿಷಯ.

ಇಲ್ಲಿಯವರೆಗೆ ಬಾಗನ್ನು ಹಗುರವಾಗಿ ಕಂಡೆ. ಒಂದು ಕಡೆ ಮಾತ್ರ ಅದು ಮೋಸ ಮಾಡುತ್ತದೆ, ಅದನ್ನು ತಿಳಿಯದೆ ಹೋದರೆ ಸರಳ ಮಾದರಿಯೂ ನಮ್ಮನ್ನು ಕಾಪಾಡುವುದಿಲ್ಲ. ಸಾಫ್ಟ್‌ವೇರುಗಳೆಲ್ಲ ಒಂದೇ ಜಾತಿಯವಲ್ಲ. ಎಚ್‌ಎಫ್‌ಎಸ್‌ಎಸ್‌ನಂಥವು ಜಾಗವನ್ನು ನಾಲ್ಕು ಮುಖದ ಗೋಪುರಗಳಾಗಿ ಒಡೆಯುತ್ತವೆ. ಗೋಪುರದ ಅಂಚು ಓರೆಯಾಗಬಲ್ಲದು, ಹಾಗಾಗಿ ಓರೆ ತಂತಿ ಅದಕ್ಕೆ ಸುಲಭ. ಕೇನ್ ಯೀ 1966ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ನಡೆಯುವ ಸಾಫ್ಟ್‌ವೇರುಗಳು ಜಾಗವನ್ನು ಇಟ್ಟಿಗೆಗಳಾಗಿ ಒಡೆಯುತ್ತವೆ. ಇಟ್ಟಿಗೆಗೆ ಅಡ್ಡ ಗೊತ್ತು, ಉದ್ದ ಗೊತ್ತು, ಓರೆ ಗೊತ್ತಿಲ್ಲ. ತಂತಿಗಿಂತ ಇಟ್ಟಿಗೆ ದಪ್ಪವಿದ್ದರೆ ಬಾಗಿದ ತಂತಿ ಅಲ್ಲಿ ಮೆಟ್ಟಿಲಾಗುತ್ತದೆ.

ನಮ್ಮ ಕಮಾನನ್ನು ಮೆಟ್ಟಿಲಾಗಿ ಬರೆಯಿರಿ. ಅಡ್ಡ ಹೆಜ್ಜೆಗಳ ಮೊತ್ತ 1 ಮಿಲಿಮೀಟರ್. ಏರುವ ಹೆಜ್ಜೆಗಳ ಮೊತ್ತ 0.25, ಇಳಿಯುವವು 0.25. ಒಟ್ಟು 1.5 ಮಿಲಿಮೀಟರ್. ಮೆಟ್ಟಿಲನ್ನು ಅರ್ಧ ಮಾಡಿ, ಕಾಲು ಮಾಡಿ, ನೂರು ಮೆಟ್ಟಿಲು ಮಾಡಿ: ಒಟ್ಟು 1.5 ಮಿಲಿಮೀಟರೇ. ದೂರದಿಂದ ನೋಡಿದರೆ ಕಮಾನಿನ ಹಾಗೆಯೇ ಕಾಣುವ ಈ ಗೆರೆಯ ಉದ್ದ 1.159ರ ಹತ್ತಿರಕ್ಕೆ ಯಾವತ್ತೂ ಬರುವುದಿಲ್ಲ. ಇಂಡಕ್ಟನ್ಸ್ ಅದೇ ಪ್ರಮಾಣದಲ್ಲಿ ಏರುವುದಿಲ್ಲ ನಿಜ, ಏಕೆಂದರೆ ದೂರದ ಕ್ಷೇತ್ರಕ್ಕೆ ಮೆಟ್ಟಿಲಿನ ಹಲ್ಲುಗಳು ಕಾಣುವುದಿಲ್ಲ; ತಂತಿಯ ಮೈಗೆ ಅಂಟಿದ ಕ್ಷೇತ್ರಕ್ಕೆ ಮಾತ್ರ ಕಾಣುತ್ತವೆ. ಆದರೂ ತಪ್ಪು ಉಳಿದೇ ಉಳಿಯುತ್ತದೆ. ನೇರ ತುಂಡುಗಳ ತಪ್ಪು ತುಂಡು ಹೆಚ್ಚಿದಂತೆ ಕರಗುವಂಥದ್ದು, ಮೆಟ್ಟಿಲಿನದು ಕರಗದ ತಪ್ಪು. ಹೊಸಬರು ಈ ಎರಡನ್ನೂ ಒಂದೇ ಎಂದು ತಿಳಿದು, ಮೆಟ್ಟಿಲನ್ನು ಸಣ್ಣದು ಮಾಡುತ್ತ ಕೂರುತ್ತಾರೆ.

ಇಟ್ಟಿಗೆ ತಂತಿಯ ದಪ್ಪಕ್ಕಿಂತ ಬಹಳ ಚಿಕ್ಕದಾದಾಗ, ಅಂದರೆ ಎರಡು ಮೂರು ಮೈಕ್ರಾನಿಗೆ ಇಳಿದಾಗ, ಹಲ್ಲುಗಳು ತಂತಿಯ ಮೈಯೊಳಗೆ ಮುಚ್ಚಿಹೋಗಿ ಪರಿಸ್ಥಿತಿ ಸುಧಾರಿಸುತ್ತದೆ. ಖರ್ಚು ಮಾತ್ರ ಕಣ್ಣಿಗೆ ಕಟ್ಟುತ್ತದೆ. ಸಿಎಸ್‌ಟಿಯಂಥ ಸಾಫ್ಟ್‌ವೇರುಗಳು ಇಟ್ಟಿಗೆಯನ್ನು ಲೋಹ ಓರೆಯಾಗಿ ಸೀಳಿದರೆ ಆ ಸೀಳನ್ನೇ ಲೆಕ್ಕಕ್ಕೆ ಸೇರಿಸುವ ತಿದ್ದುಪಡಿಗಳನ್ನು ಇಟ್ಟುಕೊಂಡಿರುವುದು ಇದಕ್ಕಾಗಿ.

ಸಾನೆಟ್‌ನಂಥ ಪದರ ಪದರದ ಸಾಫ್ಟ್‌ವೇರಿಗೆ ಅಷ್ಟೂ ಇಲ್ಲ. ಅದಕ್ಕೆ ತಿಳಿದದ್ದು ಮಲಗಿದ ಲೋಹ, ನಿಂತ ಲೋಹ, ಎರಡೇ. ಅಲ್ಲಿ ಹತ್ತು ಪದರ ಹಾಕಿ ಹತ್ತು ಮೆಟ್ಟಿಲಿನ ಕಮಾನು ಕಟ್ಟುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಮೇಜು ಸಾಕು: ಎರಡು ನಿಂತ ಕಾಲು, ಒಂದು ಮಲಗಿದ ಪಟ್ಟಿ. ಪಟ್ಟಿಯ ಅಗಲ ತಂತಿಯ ವ್ಯಾಸದ ಎರಡರಷ್ಟು ಇಟ್ಟರೆ ವಿದ್ಯುತ್ತಿನ ಕಣ್ಣಿಗೆ ಅದು ದುಂಡು ತಂತಿಗೆ ಸಮ. ಮೇಜಿನ ಎತ್ತರವನ್ನು ಕಮಾನಿನ ತುದಿಗೆ ಇಡದೆ, ಒಂದು ಅಳತೆಗೆ ಹೊಂದುವಂತೆ ತಗ್ಗಿಸಿಕೊಳ್ಳಬೇಕು. ಮೇಜನ್ನು ನೋಡಿದವರು ಇದು ತಂತಿಯ ಚಿತ್ರವಲ್ಲ ಎಂದು ತಕ್ಷಣ ತಿಳಿದುಕೊಳ್ಳುತ್ತಾರೆ, ಎತ್ತರ ಎಲ್ಲಿಂದ ತಂದಿರಿ ಎಂದು ಕೇಳುತ್ತಾರೆ. ಹತ್ತು ಮೆಟ್ಟಿಲಿನ ಕಮಾನನ್ನು ನೋಡಿದವರು ಏನೂ ಕೇಳುವುದಿಲ್ಲ. ಅಪಾಯ ಇರುವುದೇ ಅದರಲ್ಲಿ.

ಬುದ್ಧಿವಂತರು ಈ ಜಗಳವನ್ನು ಎಂದೋ ಮುಗಿಸಿದ್ದಾರೆ. ಬಿಡಿ ತಂತಿಯ ಆಕಾರವನ್ನು ಹೇಗೆ ಹೇಳಬೇಕೆಂದು ಜೆಡೆಕ್ ಸಂಸ್ಥೆ 1997ರಲ್ಲಿ ಒಂದು ಮಾನದಂಡ ಹೊರಡಿಸಿತು. ನಾಲ್ಕು ಬಿಂದುಗಳ ಮಾದರಿ, ಮೂರು ನೇರ ತುಂಡು. ಐದು ಬಿಂದುಗಳ ಮಾದರಿ, ನಾಲ್ಕು ನೇರ ತುಂಡು. ಹೇಳಬೇಕಾದದ್ದು ಎತ್ತರಗಳು, ದೂರ, ಐದು ಬಿಂದುವಿನದ್ದಾದರೆ ಎರಡು ತುದಿಯ ಕೋನಗಳು. ಎಡಿಎಸ್ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿರುವ, ಫಿಲಿಪ್ಸ್ ಮತ್ತು ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರಿನ ಮಾದರಿಯಲ್ಲೂ ಐದು ನೇರ ತುಂಡುಗಳಷ್ಟೇ. ತಂತಿತಂತಿಗಳ ನಡುವಿನ ಸಂಬಂಧವನ್ನು ಅದು ಲೆಕ್ಕ ಹಾಕುತ್ತದೆ, ಹೊರಗೆ ಹರಡಿಹೋಗುವ ವಿಕಿರಣವನ್ನು ಬಿಡುತ್ತದೆ. ಇಷ್ಟು ಸರಳವಾದ ಮಾದರಿಗಳು ಇಷ್ಟು ವರ್ಷ ಬಾಳಿರುವುದು ಸುಮ್ಮನೆ ಅಲ್ಲ. ಇವು ಕೇಳುವುದು ಅಳೆಯಬಹುದಾದ ಸಂಖ್ಯೆಗಳನ್ನು. ನುಣುಪು ಗೆರೆಯ ಆರನೇ ಹಿಡಿಬಿಂದು ಎಲ್ಲಿದೆ ಎಂದು ಬಾಂಡಿಂಗ್ ಕೋಣೆಯಲ್ಲಿ ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ಎತ್ತರ ಎಷ್ಟು ಎಂದರೆ ಅಳೆದು ಹೇಳುತ್ತಾರೆ. ಕೆಡುಕು ಒಂದೇ: ಪೆಟ್ಟಿಗೆಯಲ್ಲಿ ಮೊದಲೇ ತುಂಬಿಬಂದ ಸಂಖ್ಯೆಗಳನ್ನು ಹಾಗೆಯೇ ಬಿಟ್ಟು ಒಪ್ಪಿಗೆಯ ಗುಂಡಿ ಒತ್ತುವ ಚಾಳಿ.

ಹಾಗೆಂದು ಇನ್ನೊಂದು ತುದಿಗೆ ಜಾರಬಾರದು. "ಮಿಲಿಮೀಟರಿಗೆ ಒಂದು ನ್ಯಾನೋಹೆನ್ರಿ, ಮುಗೀತು" ಎನ್ನುವ ಹಳಬರ ಪಂಥವೊಂದಿದೆ. ಒಂಟಿ ತಂತಿಗೆ, ಕೆಳಗಿನ ಆವರ್ತನದಲ್ಲಿ, ಮೊದಲ ಅಂದಾಜಿಗೆ ಆ ಮಾತು ಆದೀತು. ಅದೇ ಉಸಿರಿನಲ್ಲಿ ಅವರು ಎರಡು ತಂತಿ ಹಾಕಿದರೆ ಅರ್ಧವಾಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಒಂದು ಮಿಲಿಮೀಟರಿನ ಎರಡು ತಂತಿಗಳನ್ನು 0.1 ಮಿಲಿಮೀಟರ್ ಅಂತರದಲ್ಲಿ ಜೋಡಿಯಾಗಿ ಹಾಕಿದರೆ, ಒಂದರ ಕ್ಷೇತ್ರ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ರೋಸಾರದೇ ಸೂತ್ರದ ಪ್ರಕಾರ ಈ ಪರಸ್ಪರ ಇಂಡಕ್ಟನ್ಸ್ 0.42 ನ್ಯಾನೋಹೆನ್ರಿ. ಜೋಡಿಯ ಇಂಡಕ್ಟನ್ಸ್ 0.41ಕ್ಕೆ ಇಳಿಯುವ ಬದಲು 0.62ರಲ್ಲಿ ನಿಲ್ಲುತ್ತದೆ. ಗ್ರೌಂಡ್ ಹತ್ತಿರವಿದ್ದಷ್ಟೂ ಈ ಹಿಡಿತ ಸಡಿಲವಾಗುತ್ತದೆ. ತಂತಿಗಳನ್ನು ಒಂದು ತುದಿಯಲ್ಲಿ ಕೂಡಿಸಿ ಇನ್ನೊಂದರಲ್ಲಿ ಅಗಲಿಸಿದರೂ ಸಡಿಲವಾಗುತ್ತದೆ. ಇಂಥದ್ದನ್ನು ತಿಳಿಯಲು ಸಿಮ್ಯುಲೇಶನ್ ಬೇಕೇ ಬೇಕು. ಬಾಗನ್ನು ಬರೆಯುವ ಉಮೇದನ್ನು ತಂತಿಗಳ ನಡುವಿನ ಅಂತರ ಬರೆಯುವುದಕ್ಕೆ ತಿರುಗಿಸಿದರೆ ಅರ್ಧ ಗೆದ್ದ ಹಾಗೆ.

ಬಾಗಿನ ಪರ ವಾದಿಸುವವರಿಗೆ ನಿಜವಾಗಿ ಸಲ್ಲಬೇಕಾದ ಎರಡು ಜಾಗಗಳಿವೆ, ಅದನ್ನು ಒಪ್ಪದಿದ್ದರೆ ನನ್ನ ವಾದ ಹಟವಾಗುತ್ತದೆ. ಮೊಬೈಲ್ ಟವರುಗಳ ಪವರ್ ಟ್ರಾನ್ಸಿಸ್ಟರ್ ಒಳಗೆ ಹತ್ತಾರು ತಂತಿಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಇಂಡಕ್ಟನ್ಸ್ ಅಲ್ಲಿ ಬೇಡದ ನೆಂಟನಲ್ಲ, ಬೇಕೆಂದೇ ಇಟ್ಟದ್ದು. ತಂತಿಯ ಎತ್ತರ ಏರಿಸಿ ಇಳಿಸಿಯೇ ಟ್ರಾನ್ಸಿಸ್ಟರನ್ನು ಶ್ರುತಿ ಮಾಡುತ್ತಾರೆ. ಯಂತ್ರಕ್ಕೆ ಕೊಡುವ ಆಕಾರವೂ ಮಾದರಿಯ ಆಕಾರವೂ ಒಂದೇ ಆಗಿರಬೇಕು. ಎರಡನೆಯದು ಮಿಲಿಮೀಟರ್ ತರಂಗಗಳ ಲೋಕ. 77 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿ ತರಂಗದ ಉದ್ದ 3.9 ಮಿಲಿಮೀಟರ್. ಒಂದು ಮಿಲಿಮೀಟರಿನ ತಂತಿ ಅಲ್ಲಿ ಕಾಲು ತರಂಗ, ಅದು ಆಂಟೆನಾ. ಬಾಂಡ್ ತಂತಿಯನ್ನೇ ಆಂಟೆನಾ ಮಾಡಿದವರೂ ಇದ್ದಾರೆ. ಅಲ್ಲಿ ತುದಿಯ ಗುಂಡು, ಕತ್ತಿನ ಮಡಿಕೆ, ಇಳಿಜಾರಿನ ಕೋನ ಎಲ್ಲಕ್ಕೂ ಬೆಲೆಯಿದೆ. ಆದರೆ ಅಂಥ ಆವರ್ತನದಲ್ಲಿ ನುರಿತ ಎಂಜಿನಿಯರ್ ಮೊದಲು ಮಾಡುವ ಕೆಲಸ ತಂತಿಯನ್ನು ನುಣುಪಾಗಿ ಬರೆಯುವುದಲ್ಲ, ತಂತಿಯನ್ನೇ ತಪ್ಪಿಸುವುದು ಅಥವಾ ಆದಷ್ಟು ಮೊಟಕು ಮಾಡುವುದು.

ಈ ಎರಡು ಜಾಗಗಳಲ್ಲೂ ಬೇಕಾಗುವುದು ನಿಜವಾದ ಆಕಾರ. ನುಣುಪಾದ ಆಕಾರ ಎಂದು ನಾನು ಹೇಳಲಿಲ್ಲ.

ನಮ್ಮ ಊರಿನ ಮಟ್ಟಿಗೆ ಇದಕ್ಕೊಂದು ಬೇರೆಯೇ ತೊಡಕಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಇಲ್ಲಿ ಚಿಪ್ ವಿನ್ಯಾಸ ಬೆಳೆದಿದೆ. ಚಿಪ್ ಜೋಡಿಸಿ ತಂತಿ ಹಾಕುವ ದೊಡ್ಡ ಕಾರ್ಖಾನೆಗಳು ಮಾತ್ರ ಬಹುಪಾಲು ಮಲೇಷಿಯಾದ ಪೆನಾಂಗ್, ತೈವಾನ್, ಚೀನಾ, ಫಿಲಿಪ್ಪೀನ್ಸ್ ಕಡೆ ಉಳಿದವು. ಗುಜರಾತಿನ ಸಾನಂದ್‌ನಲ್ಲಿ ಈಗಷ್ಟೇ ತಲೆಯೆತ್ತುತ್ತಿವೆ. ಮಾರತಹಳ್ಳಿಯಲ್ಲಿ ಕೂತು ತಂತಿ ಬರೆಯುವ ಹುಡುಗಿ, ಆ ತಂತಿ ಹಾಕುವ ಯಂತ್ರ, ಇಬ್ಬರ ನಡುವೆ ಒಂದು ಸಮುದ್ರ. ಚಿತ್ರ ಮೇಲ್ ಆಗುತ್ತದೆ, ಮೇಲಿಂದ ತೆಗೆದ ಒಂದು ಫೋಟೋ ವಾಪಸ್ ಬರುತ್ತದೆ. ಎತ್ತರವನ್ನು ಯಾರೂ ಕಳಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಎಪಾಕ್ಸಿ ಹೊಯ್ದ ಮೇಲೆ ತಂತಿ ಪಕ್ಕಕ್ಕೆ ವಾಲುತ್ತದೆ ಎಂಬುದು ಆ ಕಾರ್ಖಾನೆಯವರಿಗೆ ದಿನದ ಮಾತು. ಮಾದರಿ ಬರೆಯುವವರಲ್ಲಿ ಅದನ್ನು ಕೇಳಿಯೇ ಇಲ್ಲದವರಿದ್ದಾರೆ.

ಸಿಮ್ಯುಲೇಶನ್ ವರದಿಯಲ್ಲಿ ಒಂದೇ ಗೆರೆ ಎಳೆದು ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಎತ್ತರ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಕೇಳಿ ತಿಳಿದು, ಎರಡು ತುದಿಗೂ ಒಂದೊಂದು ಸಲ ಓಡಿಸಿ, ನಡುವಿನ ಪಟ್ಟಿಯನ್ನು ಬಣ್ಣ ತುಂಬಿ ಕೊಡುತ್ತೇನೆ. ನಾಲ್ಕು ತುಂಡಿನ ತಂತಿಯಾದರೆ ಎರಡು ಸಲ ಏನು, ಹತ್ತು ಸಲ ಓಡಿಸಿದರೂ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ನುಣುಪು ತಂತಿ ಬರೆದವರಿಗೆ ಒಂದು ಓಟಕ್ಕೇ ದಿನ ಹೋಗುವುದರಿಂದ, ಈ ಪಟ್ಟಿಯನ್ನು ಕೊಡುವ ಪುರುಸೊತ್ತೇ ಇರುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬಂದವರಲ್ಲಿ ನನ್ನದೊಂದು ಬೇಡಿಕೆ. ಮೊದಲ ತಂತಿ ಬರೆಯುವ ಮೊದಲು, ನಿಮ್ಮ ಚಿಪ್‌ಗೆ ತಂತಿ ಹಾಕುವವರು ಯಾರೆಂದು ವಿಚಾರಿಸಿ ಅವರಿಂದ ಒಂದು ಫೋಟೋ ತರಿಸಿಕೊಳ್ಳಿ: ಪಕ್ಕದಿಂದ ತೆಗೆದದ್ದು, ಜೊತೆಗೆ ಅಳತೆಯ ಗೆರೆ ಇರುವಂಥದ್ದು. ಬೆಂಗಳೂರಿನಲ್ಲೇ ಬಾಂಡಿಂಗ್ ಯಂತ್ರವಿರುವ ಪ್ರಯೋಗಾಲಯಗಳಿವೆ. ಸಾಧ್ಯವಾದರೆ ಹೋಗಿ ಒಂದು ಮಧ್ಯಾಹ್ನ ಯಂತ್ರದ ಪಕ್ಕ ಕೂತು ಬನ್ನಿ. ಹೋಗುವಾಗ ಲ್ಯಾಪ್‌ಟಾಪ್ ಒಯ್ಯಬೇಡಿ.